ಅಪಾಯ ಭತ್ಯೆ: ನೀರೊಳಗಿನ ಹೊಗೆ

ನೀರಿನಲ್ಲಿ ಮುಳುಗಿ ಸತ್ತವನ ತುಟಿ ನೀಲಿಗಟ್ಟಿರಬೇಕು. ಇವನದು ಈಗ ತಾನೇ ನಕ್ಕು ಸುಮ್ಮನಾದವನ ತುಟಿಯಂತೆ ಕೆಂಪಗಿತ್ತು.

ಮೊಂಡಿ ಶವಾಗಾರದ ಮೇಜಿನ ಮೇಲೆ ಇನ್ನಷ್ಟು ಬಾಗಿದಳು. ಕೆನ್ನೆಯಲ್ಲೂ ಅದೇ ಬಣ್ಣ. ನಿನ್ನೆ ಸಂಜೆ ನೌಕಾನೆಲೆಯ ಈಜುಕೊಳದಲ್ಲಿ ಬೋರಲಾಗಿ ತೇಲುತ್ತಿದ್ದ ಈ ಮುಳುಗು ತಜ್ಞನ ಬಗ್ಗೆ ಕಮಾಂಡರ್ ಆಗಲೇ ತೀರ್ಪು ಕೊಟ್ಟಾಗಿತ್ತು. ಬಿಡುವಿನ ವೇಳೆಯಲ್ಲಿ ಮೋಜಿಗೆಂದು ಈಜಲು ಹೋದ, ಎದೆ ಹಿಡಿದುಕೊಂಡಿತು, ಸತ್ತ. ಸೇನಾ ಪೊಲೀಸಿನ ತನಿಖಾಧಿಕಾರಿಯಾಗಿ ಮೊಂಡಿ ಮಾಡಬೇಕಾಗಿದ್ದದ್ದು ಮಧ್ಯಾಹ್ನದೊಳಗೆ ಅದರ ಕೆಳಗೊಂದು ಸಹಿ, ಅಷ್ಟೆ.

ಮೊಂಡಿ ಎಂಬುದು ಚಿಕ್ಕಂದಿನಲ್ಲಿ ತಾಯಿ ಬೇಸತ್ತು ಕರೆದ ಹೆಸರು. ಅದು ಇಲಾಖೆಯ ಕಿವಿಗೆ ಹೇಗೆ ಬಿತ್ತೋ, ಈಗ ಮೇಲಧಿಕಾರಿಗಳೂ ಬೆನ್ನ ಹಿಂದೆ ಹಾಗೇ ಕರೆಯುತ್ತಿದ್ದರು. ಎದುರಿಗೆ ಕರೆದಿದ್ದರೂ ಅವಳು ಓಗೊಡುತ್ತಿದ್ದಳು.

“ಇದೇನು ಡಾಕ್ಟ್ರೇ, ಈ ಬಣ್ಣ?”

ಡಾಕ್ಟರು ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. “ಹೊಗೆ ಕುಡಿದು ಸತ್ತೋರಿಗೆ ಬರೋ ಬಣ್ಣ. ಮುಚ್ಚಿದ ಶೆಡ್ಡಲ್ಲಿ ಎಂಜಿನ್ ಓಡಿಸಿಕೊಂಡು ಸತ್ತೋರಲ್ಲಿ ನೋಡಿದ್ದೀನಿ. ಈಜುಕೊಳದಲ್ಲಿ ಇದೇ ಮೊದಲು.”

ಹಾಗಂತ ಬರೆದುಕೊಡುತ್ತೀರಾ ಎಂದು ಕೇಳಿದರೆ, ರಕ್ತ ಪರೀಕ್ಷೆ ಬರಲಿ, ಆಮೇಲೆ ನೋಡೋಣ, ಬರೆಯುವುದಿಲ್ಲ ಎಂದೇನೂ ನಾನು ಹೇಳಿಲ್ಲವಲ್ಲ ಎಂದರು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಮಾತು. ಆದರೆ ಅಷ್ಟು ಹೇಳುವುದಕ್ಕೂ ಪಾಪ ಎಷ್ಟು ಧೈರ್ಯ ಬೇಕಾಯಿತು ಎಂಬುದು ಅವರ ಹಣೆಯ ಬೆವರಿನಲ್ಲಿ ಕಾಣುತ್ತಿತ್ತು. ಮೊಂಡಿ ಒತ್ತಾಯ ಮಾಡಲಿಲ್ಲ.

ಅವಳು ಸತ್ತವನ ಮುಖವನ್ನು ದೀಪದ ಕಡೆ ತಿರುಗಿಸಿದಳು. ಹಣೆಯಿಂದ ಕೆನ್ನೆಯವರೆಗೆ, ಮೂಗನ್ನು ಸುತ್ತಿಕೊಂಡು, ರಬ್ಬರಿನ ಅಂಚು ಒತ್ತಿದ ಗುರುತು. ಅದು ಕಡಲಿಗಿಳಿಯುವವರು ಕಟ್ಟಿಕೊಳ್ಳುವ ಮುಖವಾಡದ್ದು. ಅಂಗೈ ತುಂಬ ಕೂದಲೆಳೆಯಂಥ ಗೀರುಗಳು. ಉಗುರಿನ ಸಂದಿನಲ್ಲಿ ಕೆಂಪು ಬಣ್ಣದ ಹುಡಿ.

ಹಡಗಿನ ತಳಕ್ಕೆ ಬಳಿಯುವ ಬಣ್ಣ ಅದು. ಆ ಗೀರುಗಳು ತಳಕ್ಕೆ ಕಚ್ಚಿಕೊಳ್ಳುವ ಚಿಪ್ಪುಗಳು ಮಾಡಿದ್ದು. ಈಜುಕೊಳದಲ್ಲಿ ಹಡಗೂ ಇಲ್ಲ, ಚಿಪ್ಪೂ ಇಲ್ಲ.

ಹೊರಗೆ ಬಂದಾಗ ಅವಳ ಹವಾಲ್ದಾರ ಜೀಪಿಗೆ ಒರಗಿ ನಿಂತು ಏನೋ ಗೊಣಗುತ್ತಿದ್ದ. ಆತ ಗೊಣಗದ ಹೊತ್ತೇ ಇರಲಿಲ್ಲ. ಹೆಂಡತಿಯೂ ಗೊಣಗ ಎಂದೇ ಕರೆಯುತ್ತಿದ್ದಳಂತೆ. ಕಮಾಂಡರ್ ಕಚೇರಿಯಿಂದ ಫೋನು ಬಂದಿತ್ತು, ಸಹಿ ಎಲ್ಲಿ ಎಂದು ಕೇಳುತ್ತಿದ್ದಾರೆ, ವೇತನ ಸಮಿತಿಯವರು ಬಂದು ಕೂತಾಗಿದೆಯಂತೆ, ಅಷ್ಟರೊಳಗೆ ಎಲ್ಲ ಚೊಕ್ಕಟವಾಗಿರಬೇಕಂತೆ ಎಂದು ಒಂದೇ ಉಸಿರಿನಲ್ಲಿ ಒಪ್ಪಿಸಿದ.

“ಪೆನ್ನಿನಲ್ಲಿ ಶಾಯಿ ಇಲ್ಲ ಅಂದುಬಿಡಿ,” ಎಂದಳು ಮೊಂಡಿ. “ಗಾಡಿ ತೆಗೀರಿ. ಡೈವರ್‌ಗಳ ಸಿಲಿಂಡರಿಗೆ ಗಾಳಿ ತುಂಬೋ ಶೆಡ್ಡಿಗೆ ಹೋಗೋಣ.”

ಶೆಡ್ಡು ಹಡಗುಕಟ್ಟೆಯ ತುದಿಯಲ್ಲಿತ್ತು. ತಗಡಿನ ಮಾಡು, ಒಳಗೆ ಗಾಳಿ ಒತ್ತುವ ಯಂತ್ರ, ಗೋಡೆಗೆ ಒರಗಿಸಿದ ಹಳದಿ ಸಿಲಿಂಡರುಗಳು. ನೀರಿನ ಕೆಳಗೆ ಮನುಷ್ಯ ಉಸಿರಾಡುವುದು ಈ ಯಂತ್ರ ತುಂಬಿಕೊಟ್ಟ ಗಾಳಿಯನ್ನು. ಅದನ್ನು ಎಳೆದುಕೊಳ್ಳುವ ಕೊಳವೆಯ ಬಾಯಿ ಕಿಟಕಿಯಿಂದ ಹೊರಗೆ ಚಾಚಿಕೊಂಡಿತ್ತು. ಕಿಟಕಿಯ ಪಕ್ಕದಲ್ಲೇ ಒಂದು ಡೀಸೆಲ್ ಜನರೇಟರ್.

ಗೊಣಗ ಗೋಡೆಗೆ ಬೆರಳು ತಾಗಿಸಿ ನೋಡಿದ. ಬೆರಳು ಬೆಳ್ಳಗಾಯಿತು. ಇಡೀ ಶೆಡ್ಡಿನ ಗೋಡೆ ಪಾಚಿಗಟ್ಟಿ ಹಸಿರಾಗಿದ್ದರೆ ಜನರೇಟರಿನ ಹಿಂದಿನ ಒಂದು ತುಂಡಿಗೆ ಮಾತ್ರ ಹೊಸದಾಗಿ ಸುಣ್ಣ ಹೊಡೆದಿತ್ತು. ಹೊಗೆಯ ಮಸಿ ಅಡಗಿಸುವುದಕ್ಕೆ ಅಲ್ಲದೆ ಇನ್ಯಾವುದಕ್ಕೆ? ಇಂಥ ಅವಸರದಲ್ಲಿ ನನ್ನ ಕ್ವಾರ್ಟರ್ಸಿಗೆ ಒಂದು ದಿನವೂ ಸುಣ್ಣ ಹೊಡೆಯಲಿಲ್ಲವಲ್ಲ ಎಂದು ಆತ ಗೊಣಗಿಕೊಂಡ.

ಕಥೆ ಈಗ ಸರಳವಾಗಿ ಕಾಣತೊಡಗಿತು. ಜನರೇಟರಿನ ಹೊಗೆ ಸಿಲಿಂಡರಿನೊಳಗೆ ಸೇರಿದೆ. ಆ ಸಿಲಿಂಡರ್ ಕಟ್ಟಿಕೊಂಡು ಹಡಗಿನ ತಳಕ್ಕೆ ಹೋದವನು ಕೆಲಸ ಮಾಡುತ್ತಲೇ ಸತ್ತಿದ್ದಾನೆ. ಯಾರೋ ಅವನ ಮೈಮೇಲಿನ ಸಾಮಾನು ಕಳಚಿ, ಈಜುಡುಗೆ ತೊಡಿಸಿ, ಕೊಳಕ್ಕೆ ತಂದು ಹಾಕಿದ್ದಾರೆ. ಯಾಕೆ ಎಂಬುದಕ್ಕೂ ತಲೆ ಕೆಡಿಸಿಕೊಳ್ಳಬೇಕಿರಲಿಲ್ಲ. ಸೈನಿಕರ ವೇತನ, ಭತ್ಯೆಗಳನ್ನು ಪರಿಶೀಲಿಸುವ ಸಮಿತಿ ಅದೇ ವಾರ ಎರಡನೇ ಸಲ ನೆಲೆಗೆ ಬಂದಿತ್ತು. ತನ್ನ ನೆಲೆಯಲ್ಲಿ ಅಪಘಾತ ಎಂಬುದೇ ಇಲ್ಲ ಎಂದು ಕಮಾಂಡರ್ ಎದೆ ತಟ್ಟಿಕೊಂಡು ತಿರುಗುತ್ತಿದ್ದರು.

ಸರಳವಾಗಿ ಕಂಡ ಕಥೆಯನ್ನು ಮೊಂಡಿ ಯಾವತ್ತೂ ಪೂರ್ತಿ ನಂಬಿದವಳಲ್ಲ. ಆದರೂ ಆ ಹೊತ್ತಿಗೆ ನಂಬಿದಳು.

ಸತ್ತವನ ಮನೆ ನೌಕರರ ವಸತಿಯ ಕೊನೆಯ ಸಾಲಿನಲ್ಲಿತ್ತು. ಅವನ ಹೆಂಡತಿ ಕುರ್ಚಿಯ ತುದಿಯಲ್ಲಿ ಕೂತು ಚಪ್ಪಲಿ ಹಾಕಿಕೊಳ್ಳುತ್ತಿದ್ದಳು. ಅಳು ಮುಗಿಸಿ ಎಷ್ಟೋ ಹೊತ್ತಾದ ಮುಖ. ಪಕ್ಕದಲ್ಲಿ ಅವಳ ತಮ್ಮ, ಅವನೂ ಅದೇ ದಳದ ಡೈವರ್, ಕೈಗಳನ್ನು ಜೇಬಿನಲ್ಲಿ ತುರುಕಿಕೊಂಡು ಗೋಡೆ ನೋಡುತ್ತ ನಿಂತಿದ್ದ. ಮೊಂಡಿ ಮಾತಾಡಿಸಿದರೆ ಹೂಂ, ಉಹೂಂ ಎಂಬುದರಾಚೆ ಅವನ ಬಾಯಿಂದ ಏನೂ ಹೊರಡಲಿಲ್ಲ. ದುಃಖಕ್ಕೆ ಬಾಯಿಗೆ ಬೀಗ ಬಿದ್ದಿದೆ ಎಂದುಕೊಂಡಳು.

ಬೆಳಗ್ಗೆ ಕಮಾಂಡರ್ ಕಡೆಯವರು ಬಂದು ಹೋಗಿದ್ದರಂತೆ. ಗಂಡ ಮೋಜಿಗೆ ಈಜಲು ಹೋಗಿದ್ದ ಎಂದು ಹೇಳಿಬಿಡಮ್ಮ, ನಿನಗೆ ನೆಲೆಯ ಲಾಂಡ್ರಿಯಲ್ಲಿ ಕೆಲಸ ಕೊಡಿಸುತ್ತೇವೆ, ಮನೆ ಖಾಲಿ ಮಾಡುವುದಕ್ಕೂ ಅವಸರ ಮಾಡುವುದಿಲ್ಲ ಎಂದರಂತೆ. ಕರ್ತವ್ಯದ ಮೇಲೆ ಸತ್ತ ಎಂದರೆ ಒಂದು ಪಿಂಚಣಿ, ಈಜಿ ಸತ್ತ ಎಂದರೆ ಇನ್ನೊಂದು. ಎರಡಕ್ಕೂ ಅಜಗಜಾಂತರ. ಅದು ಆಕೆಗೂ ಗೊತ್ತಿತ್ತು.

“ಏನಂದ್ರಿ ಅವರಿಗೆ?”

“ಟೀ ಕೊಟ್ಟು ಕಳಿಸ್ದೆ,” ಎಂದಳು ಆಕೆ. “ನಮ್ಮ ಯಜಮಾನ್ರು ದಿನವಿಡೀ ನೀರಲ್ಲಿದ್ದು ಬರೋರು ಮೇಡಂ. ಬಿಡುವು ಸಿಕ್ಕಿದ್ರೆ ಸ್ನಾನಕ್ಕೂ ನೀರು ಮುಟ್ತಿರಲಿಲ್ಲ. ಮೋಜಿಗೆ ಈಜ್ತಾರಂತೆ, ಮೋಜಿಗೆ.”

ಸಮಿತಿಯ ಮುಂದೆ ಯಾರಾದರೂ ಬಾಯಿ ಬಿಡಲೇಬೇಕು ಎಂದು ಗಂಡ ವಾರದಿಂದ ಹೇಳುತ್ತಿದ್ದನಂತೆ. ಹಿಂದೆಯೂ ಇಬ್ಬರು ನೀರಿನಲ್ಲಿ ಹೋಗಿದ್ದರು. ರಜೆಯಲ್ಲಿ ಊರಿಗೆ ಹೋದಾಗ ಕಾಯಿಲೆಯಿಂದ ಸತ್ತರೆಂದು ಆ ಇಬ್ಬರನ್ನೂ ಮುಚ್ಚಿಹಾಕಿದ್ದರು.

“ಈಗ ಅವರಿಲ್ಲ. ನಾನು ಹೋಗಿ ಹೇಳ್ತೀನಿ,” ಎಂದು ಆಕೆ ಎದ್ದಳು. “ತಡೀಬೇಕು ಅಂತಿದ್ರೆ ಈಗಲೇ ತಡೀರಿ ಮೇಡಂ. ದಾರಿ ಮಧ್ಯದಲ್ಲಿ ಬೇಡ.”

ಮೊಂಡಿ ಜೀಪಿನ ಹಿಂದಿನ ಬಾಗಿಲು ತೆರೆದು ಹಿಡಿದಳು. ಅಕ್ಕನ ಹಿಂದೆ ತಮ್ಮನೂ ಹತ್ತಿದ.

ನೆಲೆಯ ಸಭಾಂಗಣ ಕಿಕ್ಕಿರಿದಿತ್ತು. ವೇದಿಕೆಯ ಮೇಲೆ ಹಸಿರು ಬಟ್ಟೆ ಹಾಸಿದ ಉದ್ದ ಮೇಜು, ಅದರ ಹಿಂದೆ ಸಮಿತಿಯ ಮೂವರು. ನಡುವೆ ಅಧ್ಯಕ್ಷರು, ನಿವೃತ್ತ ನ್ಯಾಯಾಧೀಶರು, ಬಿಳಿಗೂದಲು, ಮೆಲುಮಾತು. ಅವರ ಬಲಕ್ಕೆ ಹಣಕಾಸು ಇಲಾಖೆಯ ಸಣಕಲು ಮನುಷ್ಯ. ಎಡಕ್ಕೆ ನಿವೃತ್ತ ಸೇನಾನಿಯೊಬ್ಬರು ಕಣ್ಣು ಅರೆ ಮುಚ್ಚಿ ಕೂತಿದ್ದರು. ನಿದ್ದೆಯೋ ಧ್ಯಾನವೋ ಹೇಳುವಂತಿರಲಿಲ್ಲ.

ಒಬ್ಬ ಅಡುಗೆಯವನು ತನ್ನ ಅಹವಾಲು ಹೇಳುತ್ತಿದ್ದ. ಬೂಟಿನ ಭತ್ಯೆಯಲ್ಲಿ ಒಂದು ಕಾಲಿಗೆ ಮಾತ್ರ ಬೂಟು ಬರುತ್ತದೆ, ಇನ್ನೊಂದು ಕಾಲೂ ಸರ್ಕಾರದ ಕೆಲಸಕ್ಕೇ ನಡೆಯುತ್ತದಲ್ಲ ಸ್ವಾಮಿ ಎಂದ. ಸಭೆ ನಕ್ಕಿತು. ಅಧ್ಯಕ್ಷರೂ ನಕ್ಕು ಗುರುತು ಮಾಡಿಕೊಂಡರು.

ಮುಂದಿನದು ಡೈವರ್‌ಗಳ ಅಪಾಯ ಭತ್ಯೆ. ಸಣಕಲು ಮನುಷ್ಯ ಕನ್ನಡಕ ಏರಿಸಿಕೊಂಡು, ಈ ನೆಲೆಯಲ್ಲಿ ನೀರಿನ ಕೆಲಸದಲ್ಲಿ ಯಾರಿಗೂ ಒಂದು ಗಾಯ ಕೂಡ ಆಗಿಲ್ಲ, ಅಪಾಯವೇ ಇಲ್ಲದ ಮೇಲೆ ಅಪಾಯ ಭತ್ಯೆ ಯಾಕೆ ಎಂದು ಕೇಳಿದರು. ಹೇಗೂ ಮುಂದೆ ಈ ಕೆಲಸವನ್ನೆಲ್ಲ ಯಂತ್ರಗಳೇ ಮಾಡುತ್ತವೆ, ಡೈವರ್‌ಗಳ ದಳವೇ ಬೇಕಾಗುವುದಿಲ್ಲ ಎಂದೂ ಸೇರಿಸಿದರು. ಮೊದಲ ಸಾಲಿನಲ್ಲಿ ಕಮಾಂಡರ್ ತಲೆಯಾಡಿಸಿದರು.

ಹಿಂದಿನಿಂದ ಒಂದು ಕುರ್ಚಿ ಸರಿದ ಸದ್ದಾಯಿತು.

“ಗಾಯ ಆಗಿಲ್ಲ ಅಂದ್ರಲ್ಲ ಸರ್,” ಎಂದಳು ಸತ್ತವನ ಹೆಂಡತಿ. “ನಮ್ಮ ಯಜಮಾನ್ರು ಶವಾಗಾರದಲ್ಲಿದ್ದಾರೆ.”

ಯಾರೋ ಅವಳನ್ನು ಕೂರಿಸಲು ಕೈ ಚಾಚಿದರು. ಆಕೆ ಆ ಕೈಯನ್ನು ನೋಡಿದ ನೋಟಕ್ಕೆ ಅದು ತಾನಾಗಿ ಹಿಂದೆ ಹೋಯಿತು.

“ಆ ಭತ್ಯೆ ಬಂದ ದಿನ ನಾನು ಯಾವತ್ತೂ ಖುಷಿಪಟ್ಟಿಲ್ಲ. ಅದು ನನ್ನ ಭಯಕ್ಕೆ ನೀವು ಕಟ್ಟಿದ ಬೆಲೆ. ಕಡಿಮೆ ಮಾಡ್ತೀರಾ, ಮಾಡ್ಕೊಳ್ಳಿ. ಆದ್ರೆ ಅಪಾಯನೇ ಇರಲಿಲ್ಲ ಅಂತ ಮಾತ್ರ ಬರೀಬೇಡಿ. ಹಾಗೆ ಬರೆದ್ರೆ ಅವರು ಸತ್ತೇ ಇಲ್ಲ ಅಂದ ಹಾಗಾಗುತ್ತೆ.”

ಕಮಾಂಡರ್ ಎದ್ದರು. ಪಾಪ, ಹೆಣ್ಣುಮಗಳು ದುಃಖದಲ್ಲಿದ್ದಾಳೆ, ಗಂಡ ಈಜುಕೊಳದಲ್ಲಿ ತೀರಿಕೊಂಡ, ನಮಗೂ ಬೇಸರವಿದೆ, ಆದರೆ ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದರು. ದನಿಯಲ್ಲಿ ಸವರಿಟ್ಟ ಬೆಣ್ಣೆ.

“ಸಂಬಂಧ ಇದೆ,” ಎಂದಳು ಮೊಂಡಿ.

ಅವಳು ಗೋಡೆಯ ಪಕ್ಕದಿಂದ ಮುಂದೆ ಬಂದಳು. ಇದು ನಿನ್ನ ವಿಚಾರಣೆಯ ಜಾಗವಲ್ಲ, ಹೊರಗೆ ಹೋಗು ಎಂದು ಕಮಾಂಡರ್ ಹಲ್ಲು ಕಚ್ಚಿ ಹೇಳಿದರು. ಮೇಲಿನವರಿಗೆ ಒಂದು ಮಾತು ಹಾಕಿದರೆ ನಾಳೆ ಭುಜದ ಮೇಲೆ ಪಟ್ಟಿ ಇರುವುದಿಲ್ಲ ಎಂದೂ ಹೇಳಿದರು. ಹಾಗಿದ್ದರೆ ಇವತ್ತೇ ಕೇಳಿ ಮುಗಿಸುತ್ತೇನೆ ಎಂದಳು ಮೊಂಡಿ. ಅಧ್ಯಕ್ಷರು ಕೈ ಎತ್ತಿ, ಮಾತಾಡಲಿ ಬಿಡಿ ಎಂದರು. ಇಡೀ ನೆಲೆಯಲ್ಲಿ ಅವಳ ಪರವಾಗಿ ಒಬ್ಬರು ಆಡಿದ ಮೊದಲ ಮಾತು ಅದು.

ಮೊಂಡಿ ತುಟಿಯ ಬಣ್ಣ ಹೇಳಿದಳು. ಮುಖವಾಡದ ಗುರುತು, ಅಂಗೈ ಗೀರು, ಉಗುರಿನ ಬಣ್ಣ, ಗೋಡೆಯ ಸುಣ್ಣ, ಎಲ್ಲ ಹೇಳಿದಳು. ಕೂಗಾಡಲಿಲ್ಲ. ಕೊನೆಗೆ ಕಮಾಂಡರ್ ಕಡೆ ತಿರುಗಿ, ನಿನ್ನೆ ಯಾರಾದರೂ ಹಡಗಿನ ತಳಕ್ಕೆ ಇಳಿದಿದ್ದರೇ ಎಂದು ಕೇಳಿದಳು. ಇಲ್ಲ ಎಂದರು ಕಮಾಂಡರ್. ಕಣ್ಣು ಮಿಟುಕಿಸಲಿಲ್ಲ.

“ಅವನು ಒಬ್ಬನೇ ಕದ್ದು ಇಳಿದಿರಬಹುದಾ?”

“ನನ್ನ ನೆಲೆಯಲ್ಲಿ ಜೋಡಿ ಇಲ್ಲದೆ ಯಾರನ್ನೂ ನೀರಿಗೆ ಬಿಡಲ್ಲ,” ಎಂದರು ಕಮಾಂಡರ್ ಸೆಟೆದು ನಿಂತು. “ಒಬ್ಬ ಇಳಿದ ಅಂದ್ರೆ ಪಕ್ಕದಲ್ಲಿ ಇನ್ನೊಬ್ಬ ಇರಲೇಬೇಕು.”

ಹೇಳಿದ ಮೇಲೆ ತಾನು ಏನು ಹೇಳಿದೆನೆಂದು ಅವರಿಗೇ ಹೊಳೆಯಿತು. ಮೊಂಡಿಯ ಕಣ್ಣು ಆಗಲೇ ಸಭೆಯ ಹಿಂಭಾಗಕ್ಕೆ ಹೋಗಿತ್ತು. ಅಕ್ಕ ಗಾಬರಿಯಲ್ಲಿ ತಮ್ಮನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಅವನ ಮುಖ ನೋವಿನಿಂದ ಕಿವುಚಿಕೊಂಡಿತ್ತು. ಇಷ್ಟು ಹೊತ್ತಿಗೆ ಅವನ ಕೈ ಜೇಬಿನಿಂದ ಹೊರಗೆ ಬಂದದ್ದು ಅದೊಂದೇ ಸಲ.

“ಅಂಗೈ ತೋರಿಸಪ್ಪ,” ಎಂದಳು ಮೊಂಡಿ.

ಅವನು ಅಲುಗಲಿಲ್ಲ. ಅಕ್ಕನೇ ಆ ಕೈಯನ್ನು ತಿರುಗಿಸಿ ನೋಡಿದಳು. ಅಂಗೈ ತುಂಬ ಕೂದಲೆಳೆಯಂಥ ಕೆಂಪು ಗೀರುಗಳು. ಆಕೆ ತಮ್ಮನ ಮುಖವನ್ನೊಮ್ಮೆ, ಕೈಯನ್ನೊಮ್ಮೆ ನೋಡಿದಳು.

“ಜೊತೆಗಿದ್ದದ್ದು ನೀನೇನೋ?”

“ಹೇಳಿದ್ರೆ ನಿನಗೆ ಏನೂ ಸಿಗಲ್ಲ ಅಂದ್ರು ಅಕ್ಕ,” ಎಂದ ಅವನು. “ಸುಮ್ನಿದ್ರೆ ಕೆಲಸನಾದ್ರೂ ಕೊಡಿಸ್ತೀವಿ ಅಂದ್ರು.”

ಕಮಾಂಡರ್ ಕುರ್ಚಿಗೆ ಕುಸಿದರು. ಆಮೇಲೆ ಅವರು ಹೇಳಿದ್ದು ಮುಂದಿನ ಸಾಲಿನವರಿಗಷ್ಟೇ ಕೇಳಿಸುವಂತಿತ್ತು. ಅಪಘಾತ ಅಂತಲೇ ತಿಳಿದುಕೊಂಡಿದ್ದರು. ಜನರೇಟರಿನ ಹೊಗೆ ಹೇಗೋ ಗಾಳಿಯಂತ್ರಕ್ಕೆ ಹೋಗಿದೆ, ಸಮಿತಿ ಬರುವ ಹೊತ್ತಿಗೆ ಇದು ಹೊರಗೆ ಬಿದ್ದರೆ ನೆಲೆಯ ಮಾನ ಹೋಗುತ್ತದೆ ಎಂದು ಹೆದರಿದ್ದರು. ಹೆಣ ಸಾಗಿಸಿದ್ದು, ಸುಣ್ಣ ಹೊಡೆಸಿದ್ದು, ಹುಡುಗನನ್ನು ಹೆದರಿಸಿದ್ದು, ಎಲ್ಲ ಒಪ್ಪಿಕೊಂಡರು. ಸಭೆಯಲ್ಲಿ ಯಾರೋ ಉಗಿದರು. ಅಡುಗೆಯವನು ಎದ್ದು ನಿಂತ. ಅವನ ಹಿಂದೆ ಗಾಡಿ ಓಡಿಸುವವರ ಸಾಲು, ಅದರ ಹಿಂದೆ ದಾದಿಯರು, ಒಬ್ಬೊಬ್ಬರಾಗಿ ಎಲ್ಲರೂ ಎದ್ದು ನಿಂತರು. ಯಾರೂ ಘೋಷಣೆ ಕೂಗಲಿಲ್ಲ. ನಿಂತರು, ಅಷ್ಟೆ. ಕೂರಿ ಎಂದು ಹೇಳುವ ಧೈರ್ಯ ವೇದಿಕೆಯ ಮೇಲಿದ್ದವರಿಗೂ ಬರಲಿಲ್ಲ.

ಅಲ್ಲಿಗೆ ಮುಗಿಯಬೇಕಿತ್ತು. ಮೊಂಡಿ ಕೊನೆಯದಾಗಿ, ನಿನಗೂ ತಲೆ ಸುತ್ತು ಬಂದಿತ್ತೇನಪ್ಪ, ಡಾಕ್ಟರಿಗೆ ತೋರಿಸಿಕೊಂಡೆಯಾ ಎಂದು ಹುಡುಗನನ್ನು ವಿಚಾರಿಸಿದಳು. ಕಾಳಜಿಯಿಂದ ಕೇಳಿದ ಪ್ರಶ್ನೆ ಅದು.

“ನನಗೇನೂ ಆಗಲಿಲ್ಲ ಮೇಡಂ. ನನ್ನ ಗಾಳಿ ಚೆನ್ನಾಗೇ ಇತ್ತು.”

“ಎರಡು ಸಿಲಿಂಡರೂ ಒಂದೇ ಸಲ ತುಂಬಿದ್ದಲ್ಲವಾ?”

“ಎಲ್ಲಾ ಒಂದೇ ಸಲ ತುಂಬಿದ್ದು. ಬೇರೆ ಡೈವರ್‌ಗಳೂ ಅದರಲ್ಲೇ ಇಳಿದಿದ್ರು. ಯಾರಿಗೂ ಏನೂ ಆಗಿಲ್ಲ.”

ಕಮಾಂಡರ್ ಮುಖ ಎತ್ತಿದರು. ಆ ಮುಖದಲ್ಲಿದ್ದದ್ದು ನಾಟಕವಲ್ಲ, ಅವರಿಗೂ ಇದು ಹೊಸ ಸುದ್ದಿ. ಹೊಗೆ ತಾನಾಗಿ ಹೊಕ್ಕಿದ್ದರೆ ಎಲ್ಲ ಸಿಲಿಂಡರುಗಳಿಗೂ ಹೊಗಬೇಕಿತ್ತು. ಒಂದಕ್ಕೆ ಮಾತ್ರ ಹೊಕ್ಕಿದೆ ಎಂದರೆ, ಆ ಒಂದನ್ನು ಯಾರೋ ಬೇರೆಯಾಗಿ ಕೂತು, ಜನರೇಟರ್ ಹಚ್ಚಿ, ಹೊಗೆ ಎಳೆಸಿ ತುಂಬಿದ್ದಾರೆ.

ಇದು ಅಪಘಾತವಲ್ಲ. ಕೊಲೆ.

“ನಿಮ್ಮ ಭಾವ ಸಾಕ್ಷಿ ಹೇಳ್ತಾರೆ ಅನ್ನೋದು ಯಾರ್ಯಾರಿಗೆ ಗೊತ್ತಿತ್ತು?” ಎಂದು ಕೇಳಿದಳು.

ಹುಡುಗ ತಲೆ ಅಲ್ಲಾಡಿಸಿದ. ಅವನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

“ಭಾವ ಹೆಸರು ಕೊಟ್ಟಿರಲಿಲ್ಲ ಮೇಡಂ. ಕೊಟ್ಟಿದ್ದು ನಾನು. ನೀನು ಚಿಕ್ಕೋನು, ನಿನ್ನ ಬದಲು ನಾನೇ ಮಾತಾಡ್ತೀನಿ ಅಂತ ಆಮೇಲೆ ಅವರು ಹಟ ಹಿಡಿದ್ರು. ಆ ಸಿಲಿಂಡರೂ ನನ್ನದೇ. ಅದರ ಮೇಲೆ ನನ್ನ ಹೆಸರು ಬರೆದಿದೆ. ನನ್ನದರ ಬೆಲ್ಟು ಕಿತ್ತೋಗಿತ್ತು ಅಂತ ನೀರಿಗಿಳಿಯೋ ಹೊತ್ತಲ್ಲಿ ತಮ್ಮದನ್ನ ನನಗೆ ಕೊಟ್ಟು, ನನ್ನದನ್ನ ಅವರು ಕಟ್ಕೊಂಡ್ರು.”

ಅವನ ಅಕ್ಕ ಬಾಯಿಗೆ ಕೈ ಅಡ್ಡ ಹಿಡಿದಳು.

“ಹೆಸರು ಯಾರ ಹತ್ತಿರ ಕೊಟ್ಟೆ?” ಮೊಂಡಿಯ ದನಿ ತೀರ ಮೆಲ್ಲಗಾಗಿತ್ತು. “ಕಮಾಂಡರ್ ಕಚೇರಿಯಲ್ಲಾ?”

“ಅಯ್ಯೋ, ಅವರಿಗೆ ಗೊತ್ತಾಗಬಾರದು ಅಂತಲೇ ಅಲ್ಲಿ ಕೊಡಲಿಲ್ಲ. ಹೋದ ವಾರ ಸಮಿತಿಯವರು ಮೊದಲ ಸಲ ಬಂದಾಗ ಇವರ ಮುಂದೆನೇ ಕೂತು ಹೇಳ್ದೆ. ನಮ್ಮ ಮೂವರನ್ನ ಬಿಟ್ಟು ಇನ್ನೊಬ್ಬರ ಕಿವಿಗೆ ಬೀಳಲ್ಲ ಅಂತ ಮಾತು ಕೊಟ್ಟಿದ್ರು.”

ಮೊಂಡಿ ನಿಧಾನವಾಗಿ ವೇದಿಕೆಯ ಕಡೆ ತಿರುಗಿದಳು. ಸೇನಾನಿಯ ಕಣ್ಣು ಪೂರ್ತಿ ತೆರೆದಿತ್ತು. ಸಣಕಲು ಮನುಷ್ಯ ಕನ್ನಡಕ ತೆಗೆದು ಒರೆಸುತ್ತಿದ್ದರು. ಅಧ್ಯಕ್ಷರು ಮಾತ್ರ ಎದ್ದು, ಮೆಟ್ಟಿಲಿಳಿದು, ಹುಡುಗನ ಹತ್ತಿರ ಬಂದು ಹೆಗಲ ಮೇಲೆ ಕೈಯಿಟ್ಟರು.

ಈ ಮಗುವಿನ ಜೀವಕ್ಕೆ ಅಪಾಯವಿದೆ, ನೆಲೆಯಲ್ಲಿ ಇನ್ನು ಒಂದು ಕ್ಷಣವೂ ಇರಕೂಡದು, ಸಮಿತಿಯ ಕಾರಿನಲ್ಲಿ ನಾವೇ ಸುರಕ್ಷಿತ ಜಾಗಕ್ಕೆ ಕರೆದುಕೊಂಡು ಹೋಗುತ್ತೇವೆ ಎಂದರು. ಎಷ್ಟು ಅಕ್ಕರೆಯಿಂದ ಹೇಳಿದರೆಂದರೆ ಸಭೆಯಲ್ಲಿ ಹಲವರು ಸದ್ಯ ಎಂದು ಉಸಿರು ಬಿಟ್ಟರು. ಹುಡುಗನೂ ಎದ್ದ.

ಮೊಂಡಿ ಅವರಿಗಿಂತ ಮೊದಲು ಹೋಗಿ ಬಾಗಿಲಿಗೆ ಅಡ್ಡ ನಿಂತಳು.

“ಇಲ್ಲ ಸರ್. ಅವನು ನನ್ನ ಜೊತೆ ಬರ್ತಾನೆ.”

“ಇದು ವಿನಂತಿ ಅಲ್ಲ ತಾಯಿ,” ಎಂದರು ಅಧ್ಯಕ್ಷರು. ಮುಖದ ನಗು ಹಾಗೇ ಇತ್ತು. “ಆಜ್ಞೆ.”

“ಆಗಲೇ ಒಂದು ಆಜ್ಞೆ ಮೀರಿದ್ದೀನಿ ಸರ್. ಇನ್ನೊಂದು ಮೀರೋದಕ್ಕೆ ಕಷ್ಟ ಆಗಲ್ಲ.”

ಸತ್ತವನ ಹೆಂಡತಿ ಬಂದು ಅವಳ ಎಡಕ್ಕೆ ನಿಂತಳು. ಗೊಣಗ ಏನೂ ಗೊಣಗದೆ ಬಲಕ್ಕೆ ಬಂದ. ಸಭೆಯಲ್ಲಿ ಫ್ಯಾನಿನ ಸದ್ದು ಬಿಟ್ಟು ಬೇರೇನೂ ಇರಲಿಲ್ಲ.

ಆಗ ಮೊಂಡಿಗೆ ಬೆನ್ನ ಹಿಂದಿನಿಂದ, ಬಾಗಿಲಾಚೆಯಿಂದ, ಇನ್ನೊಂದು ಸದ್ದು ಕೇಳಿಸಿತು. ಸಮಿತಿಯ ಕಾರು ಮೆಟ್ಟಿಲ ಬುಡಕ್ಕೆ ಬಂದು, ಎಂಜಿನ್ ಆರಿಸದೆ ನಿಂತಿತ್ತು.

ಕಾರು ತರಲು ಇನ್ನೂ ಯಾರೂ ಹೇಳಿ ಕಳಿಸಿರಲಿಲ್ಲ.